ನಕಲಿ ಆಂಟಿವೈರಸ್: ಶಿರಸಿ ಸೀಮೆಗೆ ಬಂದ ಬಗೆ

ನಕಲಿ ಆಂಟಿವೈರಸ್ ಎಂದರೆ ಇಲ್ಲದ ವೈರಸ್ಸನ್ನು ಇದೆಯೆಂದು ತೋರಿಸಿ, ಅದನ್ನು ತೆಗೆದುಕೊಡುವ ನೆಪದಲ್ಲಿ ಹಣ ಕೀಳುವ ತಂತ್ರಾಂಶ. ಬೀಗ ಮುರಿದು ಒಳಗೆ ನುಗ್ಗುವ ಶ್ರಮ ಇದಕ್ಕಿಲ್ಲ. ಮನೆಯವರೇ ಹೆದರಿ ಬಾಗಿಲು ತೆಗೆಯುವಂತೆ ಮಾಡುವುದೇ ಇದರ ಕಸುಬು. ಹೆದರಿಸಿ ಮಾರುವುದರಿಂದ ಇದಕ್ಕೆ ಸ್ಕೇರ್‌ವೇರ್ ಎಂಬ ಹೆಸರೂ ಇದೆ. 2005ರ ಸುಮಾರಿಗೆ ಜಗತ್ತಿನಾದ್ಯಂತ ಹಬ್ಬಿದ ಈ ವಂಚನೆ 2011ರ ನಂತರ ತನ್ನ ಹಳೆಯ ರೂಪದಲ್ಲಿ ಕುಗ್ಗಿತು. ಆಮೇಲೆ ಫೋನ್ ಕರೆಯಾಗಿ, ಮೊಬೈಲ್ ಆ್ಯಪ್ ಆಗಿ, ವಾಟ್ಸ್‌ಆ್ಯಪ್‌ನಲ್ಲಿ ಬರುವ, ಆ್ಯಪ್ ಅಳವಡಿಸುವ ಎಪಿಕೆ ಫೈಲಾಗಿ ವೇಷ ಬದಲಿಸಿತು. ಉತ್ತರ ಕನ್ನಡದ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಒಂಟಿ ಮನೆಗಳನ್ನು ಅದು ಹೆಚ್ಚಾಗಿ ಮುಟ್ಟುವುದು ಈ ಬದಲಾದ ವೇಷಗಳಲ್ಲಿ.

ಪರದೆಯ ಮೇಲೆ ನಡೆಯುವುದು

ಮಧ್ಯಾಹ್ನ ಊಟ ಮುಗಿಸಿ ಹಳೆಯ ಯಕ್ಷಗಾನ ಪ್ರಸಂಗವೊಂದರ ಧ್ವನಿಮುದ್ರಣ ಎಲ್ಲಿಯಾದರೂ ಪುಕ್ಕಟೆ ಸಿಕ್ಕೀತೇ ಎಂದು ಲ್ಯಾಪ್‌ಟಾಪಿನಲ್ಲಿ ಹುಡುಕುತ್ತ ಕುಳಿತವರನ್ನು ಊಹಿಸಿಕೊಳ್ಳಿ. 'ಡೌನ್‌ಲೋಡ್' ಎಂದು ಬರೆದ ಹಸಿರು ಗುಂಡಿ ಒತ್ತಿದೊಡನೆ ಪರದೆ ತುಂಬ ಕೆಂಪು. ಮೈ ಕಂಪ್ಯೂಟರ್ ಹೋಲುವ ಚೌಕಟ್ಟು, ಅದರಲ್ಲಿ ಸಿ ಡ್ರೈವು, ಡಿ ಡ್ರೈವು. ಕೆಳಗೆ ಸರಸರನೆ ಓಡುವ ಫೈಲುಗಳ ಹೆಸರು. ಪಕ್ಕದಲ್ಲಿ ಏರುತ್ತ ಹೋಗುವ ಲೆಕ್ಕ. ಏಳು ವೈರಸ್, ಹದಿನೆಂಟು ವೈರಸ್, ಇಪ್ಪತ್ತಮೂರು ವೈರಸ್. ಅರ್ಧ ನಿಮಿಷದೊಳಗೆ ಇಡೀ ಕಂಪ್ಯೂಟರ್ ತಪಾಸಣೆ ಮಾಡಿ ಮುಗಿಸಿದೆ.

ನಿಜವಾಗಿ ತಪಾಸಣೆ ಎಂಬುದೇ ನಡೆದಿರುವುದಿಲ್ಲ. ವೆಬ್ ಪುಟವೊಂದಕ್ಕೆ ನಿಮ್ಮ ಕಂಪ್ಯೂಟರಿನ ಫೈಲುಗಳನ್ನು ಒಂದೊಂದಾಗಿ ತೆರೆದು ನೋಡುವ ಶಕ್ತಿಯೇ ಇಲ್ಲ. ಅಲ್ಲಿ ಓಡುವುದು ಮೊದಲೇ ಬರೆದಿಟ್ಟ ಚಲಿಸುವ ಚಿತ್ರ, ಎಲ್ಲರಿಗೂ ಅವೇ ಫೈಲುಗಳು, ಅವೇ ವೈರಸ್ಸುಗಳು. ಇದಕ್ಕೆ ಅತಿ ಸರಳ ಸಾಕ್ಷಿಯೊಂದಿದೆ: ಅದೇ ಪುಟವನ್ನು ಮೊಬೈಲಿನಲ್ಲೋ ಆಪಲ್ ಕಂಪ್ಯೂಟರಿನಲ್ಲೋ ತೆರೆದರೂ ಸಿ ಡ್ರೈವಿನಲ್ಲಿ ವೈರಸ್ ಸಿಕ್ಕಿತೆಂದು ಹೇಳುತ್ತದೆ. ಮೊಬೈಲಿಗೆ ಸಿ ಡ್ರೈವು ಎಂಬುದೇ ಇಲ್ಲ. 'ಎಲ್ಲ ತೆಗೆಯಿರಿ' ಎಂಬ ಗುಂಡಿ, 'ಬೇಡ' ಎಂಬ ಗುಂಡಿ, ಮೂಲೆಯ ಗುಣಾಕಾರ ಚಿಹ್ನೆ, ಮೂರೂ ಒಂದೇ ಚಿತ್ರದ ಭಾಗಗಳು. ಯಾವುದನ್ನು ಒತ್ತಿದರೂ ಫೈಲೊಂದು ಇಳಿಯತೊಡಗುತ್ತದೆ.

ಇಳಿದದ್ದನ್ನು ಇನ್‌ಸ್ಟಾಲ್ ಮಾಡಿದ ಮೇಲೆ ನಿಜವಾದ ಕಾಟ ಶುರು. ಗಡಿಯಾರದ ಪಕ್ಕದ ಮೂಲೆಯಿಂದ ಹತ್ತು ನಿಮಿಷಕ್ಕೊಮ್ಮೆ ಎಚ್ಚರಿಕೆ ಏಳುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆಯಲು ಬಿಡುವುದಿಲ್ಲ. ಅಸಲಿ ಆಂಟಿವೈರಸ್ ಕಂಪನಿಗಳ ತಾಣಗಳಿಗೆ ಹೋಗಲು ಬಿಡುವುದಿಲ್ಲ. ಯಾವ ಪ್ರೋಗ್ರಾಂ ಒತ್ತಿದರೂ 'ಇದಕ್ಕೆ ಸೋಂಕು ತಗುಲಿದೆ' ಎಂದು ಮುಚ್ಚಿಬಿಡುತ್ತದೆ. ಸುಧಾರಿಸಲು ಪೂರ್ಣ ಆವೃತ್ತಿ ಕೊಳ್ಳಬೇಕು, ಬೆಲೆ ಸಾಮಾನ್ಯವಾಗಿ 50 ಡಾಲರಿನ ಆಸುಪಾಸು. ಹಣ ಕಟ್ಟಿದ ಕೂಡಲೇ ಎಚ್ಚರಿಕೆಗಳೆಲ್ಲ ನಿಂತು ಕಂಪ್ಯೂಟರು ಗುಣವಾದಂತೆ ಕಾಣುತ್ತದೆ, ಏಕೆಂದರೆ ಅದನ್ನು ಕೆಡಿಸುತ್ತಿದ್ದುದೇ ಆ ಪ್ರೋಗ್ರಾಂ. ಮೋಸ ಹೋದವರಲ್ಲಿ ಬಹಳ ಮಂದಿಗೆ ತಾವು ಮೋಸ ಹೋದದ್ದೇ ತಿಳಿಯದಿರುವುದಕ್ಕೆ ಇದೇ ಕಾರಣ.

ಹುಟ್ಟು, ಬೆಳವಣಿಗೆ

ಸ್ಪೈಶೆರಿಫ್, ವಿನ್‌ಫಿಕ್ಸರ್, ವಿನ್‌ಆಂಟಿವೈರಸ್, ಎಕ್ಸ್‌ಪಿ ಆಂಟಿವೈರಸ್, ಆಂಟಿವೈರಸ್ 2009. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಕಂಪ್ಯೂಟರ್ ರಿಪೇರಿ ಮಾಡಿದವರಿಗೆ ಈ ಹೆಸರುಗಳು ಮರೆಯುವಂಥವಲ್ಲ. ಇವುಗಳಲ್ಲಿ ಹಲವನ್ನು ಮಾರುತ್ತಿದ್ದುದು ಇನ್ನೊವೇಟಿವ್ ಮಾರ್ಕೆಟಿಂಗ್ ಎಂಬ ಒಂದೇ ಕಂಪನಿ. ನೋಂದಣಿ ಬೆಲೀಜ್ ದೇಶದಲ್ಲಿ, ಕಚೇರಿ ಉಕ್ರೇನಿನ ಕೀವ್‌ನಲ್ಲಿ. 2008ರ ಡಿಸೆಂಬರಿನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಈ ಕಂಪನಿಯ ಮೇಲೆ ಮೇರಿಲ್ಯಾಂಡ್ ನ್ಯಾಯಾಲಯದಲ್ಲಿ ದಾವೆ ಹೂಡಿತು. ಹತ್ತು ಲಕ್ಷಕ್ಕೂ ಹೆಚ್ಚು ಗ್ರಾಹಕರು ಮೋಸ ಹೋಗಿದ್ದಾರೆ ಎಂಬುದು ಆಯೋಗದ ದೂರು. 2012ರಲ್ಲಿ ಬಂದ ತೀರ್ಪಿನ ಮೊತ್ತ 16 ಕೋಟಿ 30 ಲಕ್ಷ ಡಾಲರ್.

ನಕಲಿಯನ್ನು ಹರಡಲು ವಂಚಕರು ಹಿಡಿದ ದಾರಿಗಳು ಹಲವು. ಹೆಸರಾಂತ ಪತ್ರಿಕೆಗಳ ತಾಣಗಳಲ್ಲೇ ಜಾಹೀರಾತಿನ ಜಾಗ ಕೊಳ್ಳುವುದು ಒಂದು. 2009ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಓದುತ್ತಿದ್ದವರಿಗೂ ಇಂಥ ಕೆಂಪು ಪರದೆ ಎದುರಾಯಿತು. ಅದೇ ವರ್ಷ ಜಗತ್ತನ್ನು ನಡುಗಿಸಿದ ಕಾನ್‌ಫಿಕರ್ ಹುಳು ತಾನು ಹೊಕ್ಕ ಕಂಪ್ಯೂಟರುಗಳಿಗೆ ಸ್ಪೈಪ್ರೊಟೆಕ್ಟ್ 2009 ಎಂಬ ನಕಲಿ ಆಂಟಿವೈರಸ್ಸನ್ನು ಇಳಿಸಿ 49.95 ಡಾಲರ್ ಕೇಳಿತು. ಗೂಗಲ್‌ನ ಸಂಶೋಧಕರು 13 ತಿಂಗಳಲ್ಲಿ 24 ಕೋಟಿ ಪುಟಗಳನ್ನು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಕಲಿ ಆಂಟಿವೈರಸ್ ಹಂಚುವ 11,000ಕ್ಕೂ ಹೆಚ್ಚು ತಾಣಗಳು ಸಿಕ್ಕವು. ಅವರು ವೆಬ್‌ನಲ್ಲಿ ಪತ್ತೆ ಹಚ್ಚಿದ ಒಟ್ಟು ದುಷ್ಟ ತಂತ್ರಾಂಶಗಳಲ್ಲಿ ಶೇ. 15ರಷ್ಟು ಇದೇ ಆಗಿತ್ತು.

ಹಣದ ಜಾಡು ಇನ್ನೂ ಗಮನಾರ್ಹ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಕೇಂದ್ರದ ಸಂಶೋಧಕರು ಇಂಥ ಮೂರು ಜಾಲಗಳ ಒಳಲೆಕ್ಕವನ್ನೇ ಪಡೆದು 2011ರಲ್ಲಿ ಬರೆದರು. ಮೂರೂ ಸೇರಿ ಗಳಿಸಿದ್ದು 13 ಕೋಟಿ ಡಾಲರಿಗೂ ಮಿಗಿಲು. ಒಂದು ಜಾಲದ ಮೂರು ತಿಂಗಳ ಲೆಕ್ಕ ಹೀಗಿತ್ತು: ಸುಮಾರು 84 ಲಕ್ಷ ಕಂಪ್ಯೂಟರುಗಳಿಗೆ ಇಳಿಸಿದರು, ದುಡ್ಡು ಕೊಟ್ಟವರು 1 ಲಕ್ಷ 89 ಸಾವಿರ. ನೂರಕ್ಕೆ ಎರಡು ಜನ ಹೆದರಿದರೆ ಸಾಕು, ವ್ಯಾಪಾರ ಕುದುರಿತು. ಇಲ್ಲಿ ಇನ್ನೊಂದು ಸಂಗತಿ ಇದೆ. ಹಣ ವಾಪಸ್ ಕೇಳಿದ ಕೆಲವರಿಗೆ ಈ ಜಾಲಗಳು ಮರುಮಾತಿಲ್ಲದೆ ಹಿಂದಿರುಗಿಸುತ್ತಿದ್ದವು. ಕನಿಕರದಿಂದಲ್ಲ, ಬ್ಯಾಂಕಿಗೆ ಹೋಗುವ ತಕರಾರುಗಳು ಮಿತಿ ಮೀರಿದರೆ ಕಾರ್ಡ್ ಕಂಪನಿಗಳು ಖಾತೆಯನ್ನೇ ಮುಚ್ಚುತ್ತಿದ್ದವು. ಅಂದರೆ ಇಡೀ ದಂಧೆಯ ಜೀವ ಇದ್ದುದು ಕ್ರೆಡಿಟ್ ಕಾರ್ಡಿನ ದುಡ್ಡನ್ನು ಸ್ವೀಕರಿಸಿಕೊಡುವ ಬೆರಳೆಣಿಕೆಯ ಮಧ್ಯವರ್ತಿಗಳಲ್ಲಿ. 2011ರ ಜೂನ್‌ನಲ್ಲಿ ಅಂಥ ಮಧ್ಯವರ್ತಿ ಸಂಸ್ಥೆಯಾದ ರಷ್ಯಾದ ಕ್ರೊನೊಪೇ ಮುಖ್ಯಸ್ಥನ ಬಂಧನವಾಯಿತು. ಅದೇ ತಿಂಗಳು ಎಫ್‌ಬಿಐ ಹಲವು ದೇಶಗಳ ಪೊಲೀಸರೊಂದಿಗೆ, 9 ಲಕ್ಷ 60 ಸಾವಿರ ಜನರಿಂದ 7 ಕೋಟಿ 20 ಲಕ್ಷ ಡಾಲರ್ ಕಿತ್ತಿದ್ದ ಜಾಲದ ಮೇಲೆ ದಾಳಿ ಮಾಡಿತು. ಕೆಲವೇ ತಿಂಗಳಲ್ಲಿ ನಕಲಿ ಆಂಟಿವೈರಸ್‌ಗಳ ಹಾವಳಿ ಗಣನೀಯವಾಗಿ ಇಳಿಯಿತು. ತಂತ್ರಜ್ಞಾನದಿಂದ ಆಗದ ಕೆಲಸ ಹಣದ ತೂಬು ಮುಚ್ಚಿದ್ದರಿಂದ ಆಯಿತು.

ಪರದೆಯಿಂದ ಫೋನಿಗೆ

ಕಾರ್ಡಿನ ದಾರಿ ಕಟ್ಟಿದ ಮೇಲೆ ಕೆಂಪು ಪರದೆ ಉಳಿಯಿತು, ಗುಂಡಿಯ ಜಾಗದಲ್ಲಿ ಫೋನ್ ನಂಬರ್ ಬಂತು. 'ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ಕೂಡಲೇ ಮೈಕ್ರೋಸಾಫ್ಟ್‌ಗೆ ಕರೆ ಮಾಡಿ' ಎಂಬ ಬರಹ, ಜೊತೆಗೆ ಕೂಗುವ ಧ್ವನಿ. ಕರೆ ಮಾಡಿದರೆ ಮಾತಾಡುವವನು ಸೌಮ್ಯ, ತಾಳ್ಮೆಯವನು. ವಿಂಡೋಸ್‌ನಲ್ಲೇ ಇರುವ ಈವೆಂಟ್ ವ್ಯೂವರ್ ತೆರೆಸುತ್ತಾನೆ. ಅದರಲ್ಲಿ ಕೆಂಪು, ಹಳದಿ ಗುರುತಿನ ನೂರಾರು ಸಾಲುಗಳು ಕಾಣುತ್ತವೆ. ಆರೋಗ್ಯವಾಗಿರುವ ಪ್ರತಿ ಕಂಪ್ಯೂಟರಿನಲ್ಲೂ ಇಂಥ ಸಣ್ಣಪುಟ್ಟ ದೋಷಗಳ ದಾಖಲೆ ಇದ್ದೇ ಇರುತ್ತದೆ. ಅದನ್ನೇ ತೋರಿಸಿ 'ನೋಡಿ, ಎಷ್ಟು ವೈರಸ್' ಎನ್ನುತ್ತಾನೆ. ಆಮೇಲೆ ಎನಿಡೆಸ್ಕ್ ಅಥವಾ ಟೀಮ್‌ವ್ಯೂವರ್ ಹಾಕಿಸಿ ಪರದೆಯನ್ನೇ ತನ್ನ ಕೈಗೆ ತೆಗೆದುಕೊಳ್ಳುತ್ತಾನೆ. ಎನಿಡೆಸ್ಕ್ ಬಳಸಿ ನಡೆಯುವ ಯುಪಿಐ ವಂಚನೆಯ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರುವರಿಯಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು.

ಈ ಅಧ್ಯಾಯದಲ್ಲಿ ನಮ್ಮ ದೇಶದ ಹೆಸರು ಬೇಸರ ತರಿಸುವಷ್ಟು ಸಲ ಬರುತ್ತದೆ. 2012ರ ಅಕ್ಟೋಬರಿನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹೂಡಿದ ಆರು ಪ್ರಕರಣಗಳಲ್ಲಿ ಹೆಚ್ಚಿನವುಗಳ ಬೇರು ಭಾರತದ ಕಾಲ್ ಸೆಂಟರುಗಳಲ್ಲಿತ್ತು. 2023ರ ಅಕ್ಟೋಬರಿನಲ್ಲಿ ಸಿಬಿಐ ನಡೆಸಿದ ಆಪರೇಷನ್ ಚಕ್ರ-2ರಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳ 76 ಕಡೆ ಶೋಧ ನಡೆಯಿತು. ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ಕೊಟ್ಟ ದೂರುಗಳು ಅದರಲ್ಲಿದ್ದವು. 2025ರ ನವೆಂಬರಿನಲ್ಲಿ ಬೆಳಗಾವಿ ನಗರದಲ್ಲೇ, ಅಮೆರಿಕದ ಜನರಿಗೆ ಫೋನ್ ಮಾಡಿ ವಂಚಿಸುತ್ತಿದ್ದ ನಕಲಿ ಕಾಲ್ ಸೆಂಟರ್ ಒಂದನ್ನು ಭೇದಿಸಿದ ಪೊಲೀಸರು 33 ಜನರನ್ನು ಬಂಧಿಸಿದರು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳು ಸೇರಿರುವುದು ಬೆಳಗಾವಿ ಕಂದಾಯ ವಿಭಾಗಕ್ಕೇ. ಎಲ್ಲೋ ದೂರದ ರಷ್ಯಾ, ಉಕ್ರೇನಿನ ಕಥೆ ಎಂದುಕೊಂಡದ್ದು ವಿಭಾಗದ ಕೇಂದ್ರದವರೆಗೆ ಬಂದಾಗಿದೆ.

ಮೋಸ ಹೋಗುವವರು ಹೊರದೇಶದ ವೃದ್ಧರು ಮಾತ್ರ ಎಂಬ ನಂಬಿಕೆಯೂ ಸರಿಯಲ್ಲ. ಮೈಕ್ರೋಸಾಫ್ಟ್ 2021ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಭಾರತದ ಶೇ. 69 ಜನ ಇಂಥ ವಂಚನೆ ತಮಗೆ ಎದುರಾಗಿತ್ತು ಎಂದರು, ಶೇ. 31 ಜನ ಹಣವನ್ನೂ ಕಳೆದುಕೊಂಡಿದ್ದರು. ಹೆಚ್ಚು ಬಲಿಯಾದವರು 24ರಿಂದ 37ರ ವಯಸ್ಸಿನವರು. ಕಂಪ್ಯೂಟರ್ ಚೆನ್ನಾಗಿ ಗೊತ್ತಿದೆ ಎಂಬ ಧೈರ್ಯವೂ ಇಲ್ಲಿ ಅಪಾಯಕ್ಕೆ ದಾರಿ.

ಘಟ್ಟದ ಮೇಲೆ

ಈ ಮೂರು ತಾಲ್ಲೂಕುಗಳ ವಾಸದ ರೀತಿಯೇ ಬೇರೆ. ಬೆಟ್ಟದ ಬುಡದಲ್ಲಿ ಮನೆ, ಕೆಳಗೆ ಅಡಿಕೆ ತೋಟ, ಪಕ್ಕದ ಮನೆ ಕೂಗಿದರೂ ಕೇಳದಷ್ಟು ದೂರ. ಮಕ್ಕಳು ಓದಿ ಬೆಂಗಳೂರಿನಲ್ಲೋ ಹೊರದೇಶದಲ್ಲೋ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಅವರು ಹೊಸದು ಕೊಂಡಾಗ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪು, ವಿಡಿಯೋ ಕಾಲಿಗೆಂದು ಕೊಡಿಸಿದ ಸ್ಮಾರ್ಟ್‌ಫೋನು ಮನೆಯಲ್ಲಿವೆ. ಕೊರೊನಾ ಕಾಲದಲ್ಲಿ ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿದ ಮಕ್ಕಳೂ ಇದೇ ಊರುಗಳವರು. ಅಡಿಕೆ ಬಿಲ್ಲು ಸೊಸೈಟಿಯಿಂದ ನೇರ ಖಾತೆಗೆ ಬರುತ್ತದೆ, ಖಾತೆ ಫೋನಿನಲ್ಲಿದೆ. ಯಂತ್ರ ಮನೆಯೊಳಗಿದೆ, ದುಡ್ಡು ಯಂತ್ರದೊಳಗಿದೆ, ಕೇಳಿ ತಿಳಿಯಬೇಕಾದ ಮಗ ಮಾತ್ರ ನಾನೂರು ಕಿಲೋಮೀಟರ್ ಆಚೆ. ನಕಲಿ ಆಂಟಿವೈರಸ್ಸಿನವನಿಗೆ ಬೇಕಾದದ್ದೂ ಪಕ್ಕದಲ್ಲಿ ಕೇಳುವವರಿಲ್ಲದ ಇಂಥ ಒಂಟಿತನವೇ.

ಭಾಷೆಯ ತೊಡಕು ಇದಕ್ಕೆ ಕೂಡಿಕೊಳ್ಳುತ್ತದೆ. ಎಚ್ಚರಿಕೆಗಳು ಬಹುತೇಕ ಇಂಗ್ಲಿಷಿನಲ್ಲಿ. ಅಸಲಿ ವಿಂಡೋಸ್ ಹೇಳುವುದೂ ಇಂಗ್ಲಿಷ್, ನಕಲಿ ಹೇಳುವುದೂ ಇಂಗ್ಲಿಷ್. ಕನ್ನಡದಲ್ಲೇ ಬದುಕುವವರಿಗೆ ಎರಡರ ಧಾಟಿಯ ವ್ಯತ್ಯಾಸ, ನಕಲಿಯ ಕಾಗುಣಿತದ ತಪ್ಪು, ಅತಿಯಾದ ಅವಸರ ಇವೆಲ್ಲ ಗೊತ್ತಾಗುವುದು ಹೇಗೆ? ಗೊತ್ತಾಗುವುದು ಬಣ್ಣ ಮಾತ್ರ. ಕೆಂಪು ಬಂದಿದೆ, ಏನೋ ಆಗಿಹೋಗಿದೆ.

ಇನ್ನೊಂದು ಕಾರಣವನ್ನು ನಾವೇ ಒಪ್ಪಿಕೊಳ್ಳಬೇಕು. ಸಣ್ಣ ಊರುಗಳ ಡಿಟಿಪಿ ಅಂಗಡಿ, ಫೋಟೊ ಸ್ಟುಡಿಯೊ, ಮನೆಯ ಕಂಪ್ಯೂಟರು ಎಲ್ಲೆಡೆ ಕಳ್ಳಪ್ರತಿಯ ವಿಂಡೋಸ್, ಕ್ರ್ಯಾಕ್ ಮಾಡಿದ ಫೋಟೊಶಾಪ್ ಬಹುಕಾಲ ನಡೆದವು. ಕ್ರ್ಯಾಕ್ ಹಾಕುವ ಮುನ್ನ ಆಂಟಿವೈರಸ್ ಆಫ್ ಮಾಡಬೇಕು ಎಂಬುದು ಆ ಕೆಲಸದ ಮೊದಲ ಪಾಠ. ಪೆನ್‌ಡ್ರೈವ್ ಒಂದು ಯಂತ್ರದಿಂದ ಇನ್ನೊಂದಕ್ಕೆ ತಿರುಗಿ ಶಾರ್ಟ್‌ಕಟ್ ವೈರಸ್ ಹಂಚಿತು. ಮದ್ದು ಎಂದರೆ ಫಾರ್ಮ್ಯಾಟ್ ಹೊಡೆಸುವುದು. ಹೀಗೆ ಅಸಲಿ ಎಚ್ಚರಿಕೆಯನ್ನು ಕಡೆಗಣಿಸಲು ಒಂದು ತಲೆಮಾರು ಕಲಿಯಿತು. ಅಸಲಿಯ ಮಾತು ಕೇಳಿ ಅಭ್ಯಾಸವಿಲ್ಲದವರಿಗೆ ನಕಲಿಯ ಮಾತು ಅಸಲಿಯಂತೆ ಕೇಳಿಸಿದರೆ ಆಶ್ಚರ್ಯವಿಲ್ಲ. ಕಳ್ಳಪ್ರತಿಯಿಂದ ಉಳಿಸಿದ ದುಡ್ಡಿನ ಬೆಲೆ ಇಷ್ಟು ದೊಡ್ಡದು.

ಈಗ ಹಳ್ಳಿಗಳಲ್ಲಿ ಹೆಚ್ಚಾಗಿ ಕಾಣುವುದು ಮೊಬೈಲಿನ ರೂಪ. 'ನಿಮ್ಮ ಫೋನ್ ಶೇ. 28.1ರಷ್ಟು ಹಾನಿಗೊಂಡಿದೆ, ನಾಲ್ಕು ವೈರಸ್‌ಗಳಿವೆ' ಎಂಬ ಪ್ರಸಿದ್ಧ ಪಾಪ್‌ಅಪ್ ವರ್ಷಗಟ್ಟಲೆಯಿಂದ ಅದೇ ಅಂಕಿಯೊಂದಿಗೆ ಲೋಕ ಸುತ್ತುತ್ತಿದೆ. ಕ್ರೋಮ್‌ನಲ್ಲಿ ಯಾವುದೋ ತಾಣಕ್ಕೆ ಒಮ್ಮೆ 'ಅಲೋ' ಒತ್ತಿದ ತಪ್ಪಿಗೆ ದಿನವಿಡೀ ವೈರಸ್ ನೋಟಿಫಿಕೇಷನ್ ಬರುವುದುಂಟು. ಇದಕ್ಕಿಂತ ಅಪಾಯದ್ದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲು. ಪಿಎಂ ಕಿಸಾನ್ ಹೆಸರಿನಲ್ಲಿ, ಆರ್‌ಟಿಒ ಚಲನ್ ಹೆಸರಿನಲ್ಲಿ, ಮದುವೆ ಕರೆಯೋಲೆಯ ಹೆಸರಿನಲ್ಲಿ ಬರುತ್ತದೆ. ಇನ್‌ಸ್ಟಾಲ್ ಆದರೆ ಎಸ್ಎಂಎಸ್ ಓದುವ ಅನುಮತಿ ಕೇಳುತ್ತದೆ; ಕೊಟ್ಟರೆ ಒಟಿಪಿ ನೇರ ವಂಚಕನ ಕೈಗೆ. ಪರಿಚಯದವರ ನಂಬರಿನಿಂದಲೇ ಬರುವುದರಿಂದ ಅನುಮಾನ ಬರುವುದಿಲ್ಲ. ಅವರ ಫೋನು ಮೊದಲೇ ವಶವಾಗಿರುತ್ತದೆ.

ಅಂಗಡಿಯೊಳಗಿನ ನಕಲಿ

ಬೇನಾಮಿ ಜಾಲಗಳು ಮಾತ್ರ ಹೀಗೆ ಮಾಡಿದವು ಎಂದರೆ ಅರ್ಧ ಸತ್ಯ. 2014ರ ಏಪ್ರಿಲ್‌ನಲ್ಲಿ ಗೂಗಲ್ ಪ್ಲೇಯಲ್ಲೇ ವೈರಸ್ ಶೀಲ್ಡ್ ಎಂಬ 3.99 ಡಾಲರಿನ ಆ್ಯಪ್ ಮಾರಾಟದ ಪಟ್ಟಿಯ ತುದಿಗೇರಿತ್ತು. ಅದು ಮಾಡುತ್ತಿದ್ದುದು ಒಂದೇ ಕೆಲಸ: ಮುಟ್ಟಿದರೆ ಗುರಾಣಿಯ ಮೇಲಿನ ಗುಣಾಕಾರ ಚಿಹ್ನೆ ಸರಿ ಚಿಹ್ನೆಯಾಗುತ್ತಿತ್ತು. 2022ರಲ್ಲಿ ಅಲ್ಲೇ ಆಂಟಿವೈರಸ್ ಹೆಸರಿನ ಆ್ಯಪ್‌ಗಳೊಳಗೆ ಬ್ಯಾಂಕ್ ಖಾತೆ ಕದಿಯುವ ಶಾರ್ಕ್‌ಬಾಟ್ ಸಿಕ್ಕಿತು. ಅಮೆರಿಕದ ದೊಡ್ಡ ಮಳಿಗೆ ಸರಣಿ ಆಫೀಸ್ ಡಿಪೋ ಮತ್ತು ಅದಕ್ಕೆ ತಂತ್ರಾಂಶ ಒದಗಿಸಿದ ಸಂಸ್ಥೆ, ಗ್ರಾಹಕರಿಗೆ ಸುಳ್ಳು ತಪಾಸಣೆಯ ಫಲಿತಾಂಶ ತೋರಿಸಿದ ಆರೋಪದಲ್ಲಿ 2019ರಲ್ಲಿ 3 ಕೋಟಿ 50 ಲಕ್ಷ ಡಾಲರ್ ಕೊಡಲು ಒಪ್ಪಬೇಕಾಯಿತು. ಅಂಥದೇ ಆರೋಪದಲ್ಲಿ 2024ರಲ್ಲಿ ಕಂಪ್ಯೂಟರ್ ರಿಪೇರಿ ತಂತ್ರಾಂಶದ ಕಂಪನಿಗಳಾದ ರೆಸ್ಟೊರೊ ಮತ್ತು ರಿಇಮೇಜ್ 2 ಕೋಟಿ 60 ಲಕ್ಷ ಡಾಲರ್ ತೆತ್ತವು. ಅದೇ ವರ್ಷ ಅಸಲಿ ಆಂಟಿವೈರಸ್ಸಿನ ಹೆಸರಾಂತ ಕಂಪನಿ ಅವಾಸ್ಟ್, ಬಳಕೆದಾರರ ಬ್ರೌಸಿಂಗ್ ವಿವರ ಮಾರಿದ್ದಕ್ಕೆ 1 ಕೋಟಿ 65 ಲಕ್ಷ ಡಾಲರ್ ಕಟ್ಟಬೇಕಾಯಿತು. ಹೆಸರು ದೊಡ್ಡದೆಂದ ಮಾತ್ರಕ್ಕೆ ನಂಬಿಕೆ ಕುರುಡಾಗಬಾರದು.

ಗುರುತು, ಪರಿಹಾರ

ಮೈಕ್ರೋಸಾಫ್ಟ್‌ನ ಅಸಲಿ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ಈ ಒಂದು ಮಾತು ನೆನಪಿದ್ದರೆ ಮುಕ್ಕಾಲು ಪಾಲು ವಂಚನೆ ಬಾಗಿಲಲ್ಲೇ ನಿಲ್ಲುತ್ತದೆ. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ಡಿಫೆಂಡರ್ ಎಂಬ ಪೂರ್ಣ ಆಂಟಿವೈರಸ್ ವಿಂಡೋಸ್ ಜೊತೆಗೇ ಉಚಿತವಾಗಿ ಬರುತ್ತದೆ. ಮನೆಬಳಕೆಗೆ ಅದು ಸಾಕು. ಕೊಳ್ಳಲೇಬೇಕೆಂದರೆ ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7ನಂಥ ನಮ್ಮವೇ ಇವೆ; ಪರಿಚಯದ ಅಂಗಡಿಯಿಂದ ಕೊಳ್ಳಿ, ಪಾಪ್‌ಅಪ್‌ನಿಂದ ಬೇಡ. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರ ಫೆಬ್ರುವರಿಯಿಂದ ಸ್ವಚ್ಛಗೊಳಿಸುವ ಸಾಧನಗಳನ್ನು ಪುಕ್ಕಟೆ ಕೊಡುತ್ತಿದೆ.

ಕೆಂಪು ಪರದೆ ಬಂದಾಗ ಅದರೊಳಗಿನ ಯಾವ ಗುಂಡಿಯನ್ನೂ ಮುಟ್ಟಬಾರದು. ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿದರೆ ಪೂರ್ತಿ ಪರದೆಯ ಹಿಡಿತ ಸಡಿಲುತ್ತದೆ. ಆಲ್ಟ್ ಮತ್ತು ಎಫ್4 ಒತ್ತಿದರೆ ಬ್ರೌಸರ್ ಮುಚ್ಚುತ್ತದೆ. ಅದಕ್ಕೂ ಬಗ್ಗದಿದ್ದರೆ ಪವರ್ ಗುಂಡಿಯನ್ನೇ ಒತ್ತಿ ಹಿಡಿದು ಆರಿಸಬಹುದು. ಮತ್ತೆ ಹಚ್ಚಿದಾಗ 'ಹಳೆಯ ಪುಟಗಳನ್ನು ತೆರೆಯಲೇ' ಎಂದು ಕೇಳಿದರೆ ಬೇಡ ಎನ್ನಬೇಕು. ಹವ್ಯಕ ಮನೆಯ ತಾಯಿ ಬೆಂಗಳೂರಿನ ಮಗನಿಗೆ ಫೋನಾಯಿಸಿ "ತಮಾ, ಲ್ಯಾಪ್‌ಟಾಪಲ್ಲಿ ಎಂತೋ ಕೆಂಪು ಬಂಜು, ಎಂತ ಮಾಡವು?" ಎಂದು ಕೇಳಿದರೆ, "ಆಯಿ, ಎಂತದೂ ಮುಟ್ಟಡ, ಬಂದ್ ಮಾಡು" ಎಂಬ ಉತ್ತರವೇ ಪೂರ್ಣ ಚಿಕಿತ್ಸೆ. ಯಾವ ಆಂಟಿವೈರಸ್ಸೂ ಈ ಒಂದು ಫೋನ್ ಕರೆಗೆ ಸಮವಲ್ಲ. ಹೊರಗಿರುವ ಮಕ್ಕಳು ಈ ಪ್ರಶ್ನೆಗೆ ರೇಗದೆ ಉತ್ತರಿಸಬೇಕು. ಒಮ್ಮೆ ಬೈಸಿಕೊಂಡ ತಾಯಿ ಮುಂದಿನ ಸಲ ಮಗನನ್ನು ಕೇಳುವುದಿಲ್ಲ, ಪರದೆಯ ಮೇಲಿನ ನಂಬರಿಗೇ ಕರೆ ಮಾಡುತ್ತಾಳೆ.

ಎನಿಡೆಸ್ಕ್ ಹಾಕಿಸಿಬಿಟ್ಟಿದ್ದರೆ ಮೊದಲು ವೈಫೈ, ಡೇಟಾ ಆಫ್ ಮಾಡಬೇಕು. ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಬೇಕು. ಆಮೇಲೆ ಬೇರೆ ಯಂತ್ರದಲ್ಲಿ ಪಾಸ್‌ವರ್ಡ್ ಬದಲಿಸಬೇಕು.

ಕಾನೂನು

ಕಂಪ್ಯೂಟರ್ ಬಳಸಿ ಇನ್ನೊಬ್ಬರ ವೇಷದಲ್ಲಿ ಮೋಸ ಮಾಡುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಡಿ ಅಪರಾಧ. ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಭಾರತೀಯ ನ್ಯಾಯ ಸಂಹಿತೆಯ 318(4)ರಡಿ ಏಳು ವರ್ಷದವರೆಗೂ ಶಿಕ್ಷೆ ಆಗಬಹುದು. ಜಿಲ್ಲೆಯಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆ ಇರುವುದು ಕಾರವಾರದಲ್ಲಿ, ಶಿರಸಿಯಿಂದ ಘಟ್ಟ ಇಳಿದು ನೂರು ಕಿಲೋಮೀಟರಿಗೂ ಹೆಚ್ಚು ದೂರ. ಆ ದೂರಕ್ಕೆ ಅಂಜಿ ಸುಮ್ಮನಾಗುವ ಅಗತ್ಯವಿಲ್ಲ. ಹತ್ತಿರದ ಠಾಣೆಯಲ್ಲೂ ದೂರು ಕೊಡಬಹುದು, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ಮನೆಯಿಂದಲೇ ದಾಖಲಿಸಬಹುದು.

ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯಂತೆ, ಗ್ರಾಹಕನದೂ ಬ್ಯಾಂಕಿನದೂ ತಪ್ಪಿಲ್ಲದೆ ಮೂರನೆಯವರಿಂದ ಹಣ ಹೋದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ಹೊಣೆಯಿಲ್ಲ. ಗ್ರಾಹಕನೇ ಒಟಿಪಿ, ಪಿನ್ ಹೇಳಿಬಿಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದೇ. ತಿಳಿಸಿದ ಮೇಲಿನದು ಬ್ಯಾಂಕಿನದು. ಆದ್ದರಿಂದ ನಾಚಿಕೆಯಲ್ಲಿ ಕಳೆಯುವ ಪ್ರತಿ ಗಂಟೆಗೂ ಬೆಲೆ ಇದೆ. ವಂಚಕನ ಖಾತೆಯಿಂದ ಹಣ ಮುಂದಕ್ಕೆ ಹೋಗುವ ಮುನ್ನ ತಡೆಹಿಡಿಯುವ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 1930. ಇದನ್ನು ಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದಿಡಿ.